ಡಾಕ್ಟರ್ ಪಾತ್ರ ಮಾಡಿದ ಹುಡುಗಿ ಮರುವಾರ ಯಾಕೆ ಬಾಯಿ ಬಿಡಲಿಲ್ಲ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಎಂಟನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ, ಎಲ್ಲರೂ ಕನ್ನಡ ಮಾಧ್ಯಮದವರು. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಒಂದು ವರ್ಷದಿಂದ ರೋಲ್ ಪ್ಲೇ ಮಾಡಿಸುತ್ತಿದ್ದೇನೆ. ಅಂಗಡಿಯವನು ಮತ್ತು ಗಿರಾಕಿ, ಡಾಕ್ಟರ್ ಮತ್ತು ರೋಗಿ, ಇಂಥವು. ಸಂಭಾಷಣೆ ನಾನೇ ಬರೆದುಕೊಡುತ್ತೇನೆ. ವಾರ್ಷಿಕೋತ್ಸವದಲ್ಲಿ ಡಾಕ್ಟರ್ ಪಾತ್ರ ಮಾಡಿದ ಹುಡುಗಿಗೆ ಊರವರೆಲ್ಲ ಚಪ್ಪಾಳೆ ತಟ್ಟಿದರು. ಮರುವಾರ ಶಾಲೆಗೆ ಬಂದ ಅಧಿಕಾರಿಯೊಬ್ಬರು ಅವಳನ್ನೇ ನಿಲ್ಲಿಸಿ ‘ವಾಟ್ ಡಿಡ್ ಯು ಈಟ್ ಟುಡೇ?’ ಎಂದು ಕೇಳಿದರು. ಅವಳು ನೆಲ ನೋಡುತ್ತಾ ನಿಂತುಬಿಟ್ಟಳು. ನನಗೇ ಅವಮಾನವಾದ ಹಾಗಾಯಿತು. ಉಳಿದಂತೆ ನಾಲ್ಕೈದು ಮಕ್ಕಳು ಮಾತ್ರ ಮುಂದೆ ಬರುತ್ತಾರೆ. ಮಿಕ್ಕವರು ನಗುತ್ತಾರೆ, ಇಲ್ಲವೇ ಕನ್ನಡದಲ್ಲಿ ಮಾತಾಡುತ್ತಾರೆ. ಹೆಡ್‌ಮಾಸ್ಟರಿಗೆ ಗಲಾಟೆಯದ್ದೇ ಚಿಂತೆ. ಮಕ್ಕಳು ತಮ್ಮತಮ್ಮಲ್ಲೇ ತಪ್ಪು ಇಂಗ್ಲಿಷ್ ಮಾತಾಡಿ ಅದೇ ರೂಢಿಯಾದರೆ ಎಂಬ ಭಯ ನನಗೆ. ಇದನ್ನು ಬಿಟ್ಟು ಗ್ರಾಮರ್ ಮಾಡಿಸುವುದೇ ಒಳ್ಳೆಯದಾ?

ಉತ್ತರ: ಮೇಡಂ, ಮೊದಲು ಆ ಹುಡುಗಿಯ ವಿಷಯ. ಅವಳು ನಿಮ್ಮ ಮಾನ ಕಳೆಯಲಿಲ್ಲ. ನೀವು ಕಲಿಸಿದ್ದನ್ನು ಅವಳು ಚೆನ್ನಾಗಿಯೇ ಕಲಿತಿದ್ದಾಳೆ. ನೀವು ಕಲಿಸಿದ್ದು ಬರೆದುಕೊಟ್ಟ ಸಾಲನ್ನು ತಪ್ಪಿಲ್ಲದೆ ಒಪ್ಪಿಸುವುದನ್ನು. ಅಧಿಕಾರಿ ಕೇಳಿದ್ದು ಬೇರೆಯದನ್ನೇ. ಎರಡಕ್ಕೂ ಬಾಯಿ ಒಂದೇ ಇರಬಹುದು, ಆದರೆ ತಲೆಯೊಳಗೆ ನಡೆಯುವ ಕೆಲಸ ಒಂದೇ ಅಲ್ಲ.

ಇದನ್ನು ವಿವರಿಸಲು ನನಗೆ ಸುಲಭದ ದಾರಿ ಎಂದರೆ ತಾಳಮದ್ದಲೆ, ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ವಾರ್ಷಿಕೋತ್ಸವದ ನಾಟಕದಲ್ಲಿ ಇಬ್ಬರಿಗೂ ಮಾತು ಮೊದಲೇ ಗೊತ್ತು. ಎದುರಿನವನು ಏನು ಹೇಳುತ್ತಾನೆ ಎಂದು ಕೇಳಿಸಿಕೊಳ್ಳದಿದ್ದರೂ ನಡೆಯುತ್ತದೆ, ಅವನ ಸಾಲು ಮುಗಿಯಿತಾ ಅಂತ ನೋಡಿಕೊಂಡರೆ ಸಾಕು. ತಾಳಮದ್ದಲೆಯಲ್ಲಿ ಹಾಗಲ್ಲ. ಪ್ರಸಂಗ ಗೊತ್ತು, ಪಾತ್ರ ಗೊತ್ತು, ಭಾಗವತರು ಹಾಡುವ ಪದ್ಯವೂ ಗೊತ್ತು. ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹೆಸರಾಂತ ಕಲಾವಿದರು ಎದುರಿಗೆ ವಾಲಿಯಾಗಿ ಕೂತು ಒಂದು ಪ್ರಶ್ನೆ ಎಸೆದರೆ, ರಾಮನ ಅರ್ಥ, ಅಂದರೆ ಮಾತು, ಹೇಳುವವನು ಆ ಪ್ರಶ್ನೆಗೇ ಉತ್ತರ ಕೊಡಬೇಕು. ಉರು ಹೊಡೆದು ತಂದ ಮಾತು ಅಲ್ಲಿ ನಡೆಯುವುದಿಲ್ಲ.

ರೋಲ್ ಪ್ಲೇ ಅಂದರೆ ಇದು. ನೀವು ಮಾಡಿಸಿದ್ದು ನಾಟಕ. ನಾಟಕ ಕೆಟ್ಟದ್ದು ಎನ್ನುತ್ತಿಲ್ಲ, ಅದರ ಉಪಯೋಗ ಆಮೇಲೆ ಹೇಳುತ್ತೇನೆ. ಆದರೆ ನಾಟಕ ಮಾಡಿಸಿ ಸಂಭಾಷಣೆಯ ಫಲ ಕೇಳಿದರೆ ಸಿಗುವುದಿಲ್ಲ. ಇದು ನಿಮ್ಮೊಬ್ಬರದೇ ತಪ್ಪೂ ಅಲ್ಲ. ನಾನು ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ‘ರೋಲ್ ಪ್ಲೇ’ಗಳಲ್ಲಿ ಮುಕ್ಕಾಲು ಪಾಲು ಬಾಯಿಪಾಠವೇ ಆಗಿದ್ದವು. ನಾನೇ ಮೇಷ್ಟ್ರಾಗಿದ್ದ ಮೊದಲ ವರ್ಷಗಳಲ್ಲೂ ಅದನ್ನೇ ಮಾಡಿಸಿದ್ದೇನೆ. ಅಧಿಕಾರಿಗಳು ಬಂದಾಗ ತೋರಿಸಲು ಚೆನ್ನಾಗಿರುತ್ತದಲ್ಲ!

ಹಾಗಾದರೆ ಬಾಯಿಪಾಠವನ್ನು ರೋಲ್ ಪ್ಲೇ ಮಾಡುವುದು ಹೇಗೆ? ಒಂದೇ ಒಂದು ಬದಲಾವಣೆ ಸಾಕು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು. ಇಬ್ಬರಿಗೂ ಒಂದೇ ಹಾಳೆ ಕೊಡುವ ಬದಲು ಎರಡು ಬೇರೆ ಬೇರೆ ಚೀಟಿ ಕೊಡಿ. ಚೀಟಿಯಲ್ಲಿ ಮಾತು ಬರೆಯಬೇಡಿ, ಪರಿಸ್ಥಿತಿ ಬರೆಯಿರಿ. ಬೇಕಾದರೆ ಕನ್ನಡದಲ್ಲೇ ಬರೆಯಿರಿ.

ಇಲ್ಲಿ ನಿಮ್ಮ ಮಕ್ಕಳ ನಗುವಿನ ಬಗ್ಗೆಯೂ ಹೇಳಬೇಕು. ನಗು ಬರುವುದಕ್ಕೆ ನಾಚಿಕೆ ಒಂದು ಕಾರಣ. ಇನ್ನೊಂದು, ಆ ಸನ್ನಿವೇಶವೇ ಸುಳ್ಳು. ನಿಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಯಾರಾದರೂ ‘ಹೌ ಮಚ್ ಈಸ್ ದಿಸ್ ಸೋಪ್?’ ಎಂದು ಕೇಳುತ್ತಾರಾ? ಕೇಳಿದರೆ ಅಂಗಡಿಯವರೂ ನಗುತ್ತಾರೆ. ಮಕ್ಕಳಿಗೆ ಅದು ಗೊತ್ತು. ನೀವಿರುವುದು ಹಾಸನ ಜಿಲ್ಲೆ. ಬೇಲೂರು, ಹಳೇಬೀಡು ಅಲ್ಲೇ ಇವೆ. 2023ರಲ್ಲಿ ಆ ದೇವಸ್ಥಾನಗಳು ಸೋಮನಾಥಪುರದ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕನ್ನಡ ಬಾರದ ಜನ ಅಲ್ಲಿಗೆ ನಿಜವಾಗಿಯೂ ಬರುತ್ತಾರೆ. ಅಲ್ಲಿ ಇಂಗ್ಲಿಷ್ ಬೇಕಾಗುತ್ತದೆ ಎಂದರೆ ಯಾವ ಮಗುವೂ ನಗುವುದಿಲ್ಲ.

ಒಂದು ಚೀಟಿ ಹೀಗಿರಲಿ: ‘ನೀನು ದೆಹಲಿಯಿಂದ ಬಂದ ಪ್ರವಾಸಿ. ಬೇಲೂರು ನೋಡಿಯಾಯಿತು. ಹಳೇಬೀಡಿಗೆ ಹೋಗಬೇಕು. ಜೊತೆಗೆ ವಯಸ್ಸಾದ ಅಜ್ಜಿ ಇದ್ದಾರೆ, ಜಾಸ್ತಿ ನಡೆಯಲು ಆಗುವುದಿಲ್ಲ. ಸಂಜೆ ಆರಕ್ಕೆ ಹಾಸನದಲ್ಲಿ ರೈಲು.’ ಇನ್ನೊಂದು ಚೀಟಿ: ‘ನೀನು ಬಸ್ ಸ್ಟ್ಯಾಂಡ್ ಹತ್ತಿರ ನಿಂತ ಸ್ಥಳೀಯ ವಿದ್ಯಾರ್ಥಿ. ಈಗ ಮಧ್ಯಾಹ್ನ ಎರಡು ಗಂಟೆ. ಹಳೇಬೀಡು ಇಲ್ಲಿಂದ 16 ಕಿಲೋಮೀಟರ್. ಮುಂದಿನ ಬಸ್ ಮೂರು ಗಂಟೆಗೆ. ಆಟೋದವರು ಜಾಸ್ತಿ ಕೇಳುತ್ತಾರೆ.’ ಬಸ್ಸಿನ ಸಮಯ ನಾನು ಸುಮ್ನೆ ಹಾಕಿದ್ದು, ನಿಮ್ಮ ಮಕ್ಕಳೇ ಸರಿ ಮಾಡುತ್ತಾರೆ. ಅಜ್ಜಿಯ ವಿಷಯ ವಿದ್ಯಾರ್ಥಿಗೆ ಗೊತ್ತಿಲ್ಲ. ಬಸ್ಸಿನ ವಿಷಯ ಪ್ರವಾಸಿಗೆ ಗೊತ್ತಿಲ್ಲ. ಕೇಳದೆ ಕೆಲಸ ಆಗುವುದಿಲ್ಲ. ಕೇಳಿಸಿಕೊಳ್ಳದೆಯೂ ಆಗುವುದಿಲ್ಲ.

ಈಗ ನಿಮ್ಮ ದೊಡ್ಡ ಭಯ, ತಪ್ಪು ಇಂಗ್ಲಿಷ್ ರೂಢಿಯಾಗುವುದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ತರಬೇತುದಾರರು ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ನಮ್ಮ ಬೆಂಗಳೂರಿನ ಹೆಸರಿನಲ್ಲೇ ಜಗತ್ತಿನ ಇಂಗ್ಲಿಷ್ ಶಿಕ್ಷಕರಿಗೆ ಪರಿಚಿತವಾದ ಒಂದು ಪ್ರಯೋಗವಿದೆ, ಬೆಂಗಳೂರು ಪ್ರಾಜೆಕ್ಟ್ ಅಂತ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ್ದು. ಗ್ರಾಮರ್ ಪಟ್ಟಿ ಬದಿಗಿಟ್ಟು, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆಗಳಂಥ ಸಣ್ಣ ಸಮಸ್ಯೆಗಳನ್ನು ಕೊಟ್ಟು, ಅದನ್ನು ಬಿಡಿಸುತ್ತಾ ಭಾಷೆ ಬರಲಿ ಎಂಬ ವಿಚಾರ. ಅಷ್ಟು ಹೊಸ ದಾರಿ ಹಿಡಿದ ಪ್ರಭು ಅವರೇ ಮಕ್ಕಳ ಗುಂಪು ಕೆಲಸಕ್ಕೆ ಹೆಚ್ಚು ಜಾಗ ಕೊಡಲಿಲ್ಲ. ಮಕ್ಕಳ ಅರೆಬರೆ ಭಾಷೆ ಒಬ್ಬರಿಂದ ಒಬ್ಬರಿಗೆ ಗಟ್ಟಿಯಾಗಬಾರದು, ಶಿಕ್ಷಕರ ಭಾಷೆ ಕಿವಿಗೆ ಬೀಳುತ್ತಿರಬೇಕು ಎಂಬುದು ಅವರ ಕಾಳಜಿ. ಅಂದರೆ ನಿಮ್ಮ ಭಯಕ್ಕೆ ಒಳ್ಳೆಯ ಜೊತೆಗಾರರಿದ್ದಾರೆ.

ಇನ್ನೊಂದು ಕಡೆ, ಭಾಷಾ ಕಲಿಕೆಯ ಸಂಶೋಧಕರಾದ ಮೈಕೆಲ್ ಲಾಂಗ್ ಮತ್ತು ಪೆಟ್ರೀಷಿಯಾ ಪೋರ್ಟರ್ 1985ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಕಲಿಯುವವರು ತಮ್ಮತಮ್ಮಲ್ಲಿ ಮಾತಾಡುವಾಗ ಮಾಡುವ ತಪ್ಪು, ಇಂಗ್ಲಿಷ್ ಮಾತೃಭಾಷೆಯವರ ಜೊತೆ ಮಾತಾಡುವಾಗಿನ ತಪ್ಪಿಗಿಂತ ಜಾಸ್ತಿಯಿರಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುವುದೂ ಬಹಳ ಕಡಿಮೆ. ಆದರೆ ಅಲ್ಲಿದ್ದವರಲ್ಲಿ ಹೆಚ್ಚಿನವರು ದೊಡ್ಡವರು, ಅದೂ ತರಗತಿಯ ಹೊರಗೆಲ್ಲ ಇಂಗ್ಲಿಷ್ ಕೇಳುವ ಊರಿನಲ್ಲಿದ್ದವರು. ನಿಮ್ಮ 42 ಮಕ್ಕಳಿಗೆ ಅದನ್ನು ಹಾಗೇ ಅನ್ವಯಿಸಲು ನಾನು ಹೋಗುವುದಿಲ್ಲ. ಎಲ್ಲರೂ ಕನ್ನಡದವರೇ ಆದಾಗ ಎಲ್ಲರ ತಪ್ಪೂ ಒಂದೇ ಥರ ಇರುತ್ತದೆ. ‘ವೇರ್ ಯು ಆರ್ ಗೋಯಿಂಗ್?’ ಎಂದು ಒಬ್ಬ ಕೇಳಿದರೆ ಇನ್ನೊಬ್ಬನಿಗೆ ಅದು ಪೂರ್ತಿ ಅರ್ಥವಾಗುತ್ತದೆ. ಯಾಕೆಂದರೆ ಅವನೂ ಹಾಗೇ ಕೇಳುತ್ತಾನೆ. ತಪ್ಪು ಅಡ್ಡಿಯೇ ಮಾಡದಿದ್ದರೆ ತಿದ್ದಿಕೊಳ್ಳುವ ಗರಜು ಎಲ್ಲಿಂದ ಬರಬೇಕು?

ಆದ್ದರಿಂದ ನನ್ನ ಅನುಭವದ ಮಾತು: ಬರೀ ಜೋಡಿ ಮಾಡಿ ಮಾತಾಡಲು ಬಿಟ್ಟರೆ ಧೈರ್ಯ ಬರುತ್ತದೆ, ಭಾಷೆ ಸುಧಾರಿಸುವುದಿಲ್ಲ. ಭಾಷೆ ಸುಧಾರಿಸುವುದು ಎರಡನೇ ಸಲದಲ್ಲಿ. ಒಂದು ಸಲ ಮಾತಾಡಿಸಿ, ನಿಲ್ಲಿಸಿ, ಎರಡೇ ಎರಡು ವಿಷಯ ಹಲಗೆಯ ಮೇಲೆ ಬರೆದು ತಿದ್ದಿ, ಅದೇ ಚೀಟಿಯನ್ನು ಬೇರೆ ಜೊತೆಗಾರರ ಜೊತೆ ಮತ್ತೆ ಮಾಡಿಸಿ. ಮೊದಲ ಸಲ ಮಗುವಿನ ತಲೆಯೆಲ್ಲ ‘ಏನು ಹೇಳಲಿ’ ಎಂಬುದರಲ್ಲೇ ಮುಗಿದುಹೋಗಿರುತ್ತದೆ. ಎರಡನೇ ಸಲ ವಿಷಯ ಕೈಯಲ್ಲಿದೆ, ‘ಹೇಗೆ ಹೇಳಲಿ’ ಎಂದು ಯೋಚಿಸಲು ಜಾಗ ಸಿಗುತ್ತದೆ. ಬಹಳಷ್ಟು ಶಿಕ್ಷಕರು ಮೊದಲ ಸಲ ಮಾಡಿಸಿ ‘ವೆರಿ ಗುಡ್, ಸಿಟ್ ಡೌನ್’ ಎಂದು ಮುಂದಿನ ಪಾಠಕ್ಕೆ ಹೋಗುತ್ತಾರೆ. ಅಡುಗೆ ಮಾಡಿಟ್ಟು ಬಡಿಸದೆ ಎದ್ದ ಹಾಗೆ.

ಮಾತಿನ ಮಧ್ಯೆ ತಿದ್ದಬೇಡಿ. ಸುಮ್ಮನೆ ಓಡಾಡುತ್ತಾ ಕೈಯಲ್ಲಿ ಒಂದು ಚೀಟಿ ಇಟ್ಟುಕೊಂಡು ತಪ್ಪು ಬರೆದುಕೊಳ್ಳಿ. ಮಗು ‘ಐ ಗೋ ಯೆಸ್ಟರ್ಡೇ’ ಎಂದಾಗ ನಾವು ‘ಓ, ಯು ವೆಂಟ್ ಯೆಸ್ಟರ್ಡೇ’ ಎಂದು ಸರಿ ರೂಪ ಹೇಳಿ ತಿದ್ದಿದೆವು ಎಂದುಕೊಳ್ಳುತ್ತೇವೆ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳ ತರಗತಿಗಳನ್ನು ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಗಮನಿಸಿದರು. 1997ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಶಿಕ್ಷಕರು ತಿದ್ದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ರೀತಿ, ಮತ್ತು ಮಕ್ಕಳು ಅತಿ ಕಡಿಮೆ ಪ್ರತಿಕ್ರಿಯೆ ಕೊಟ್ಟಿದ್ದೂ ಇದಕ್ಕೇ. ಟೀಚರ್ ನನ್ನ ಮಾತನ್ನು ಒಪ್ಪಿದರು ಎಂದಷ್ಟೇ ಮಗುವಿಗೆ ಅನ್ನಿಸುತ್ತದೆ. ಅದರ ಬದಲು ಹಲಗೆಯ ಮೇಲೆ ಹೆಸರು ಹೇಳದೆ ಆ ವಾಕ್ಯ ಬರೆದು ‘ಇದರಲ್ಲಿ ಏನು ಸರಿಯಿಲ್ಲ?’ ಎಂದು ಎಲ್ಲರನ್ನೂ ಕೇಳಿ. ತಿದ್ದುವ ಕೆಲಸ ಮಕ್ಕಳೇ ಮಾಡಲಿ.

ಇನ್ನು ಕನ್ನಡದಲ್ಲಿ ಮಾತಾಡುತ್ತಾರೆ ಎಂಬ ದೂರು. ತಯಾರಿಯಲ್ಲಿ ಮಾತಾಡಲಿ ಬಿಡಿ. ಚೀಟಿ ಓದಿಕೊಂಡು ‘ಏನು ಕೇಳೋಣ, ಮೊದಲು ಏನು ಹೇಳೋಣ’ ಎಂದು ಕನ್ನಡದಲ್ಲೇ ಐದು ನಿಮಿಷ ಚರ್ಚಿಸಿದರೆ ಆಮೇಲಿನ ಇಂಗ್ಲಿಷ್ ಗಟ್ಟಿಯಾಗಿರುತ್ತದೆ. ಆಟದ ಮಧ್ಯೆ ಕನ್ನಡಕ್ಕೆ ಜಾರುವುದು ಬೇರೆ ವಿಷಯ. ಅದಕ್ಕೆ ಸೋಮಾರಿತನ ಕಾರಣ ಅಲ್ಲ. ಮಾತು ಸಿಗದೆ ಹೋದಾಗ ಹಿಡಿದುಕೊಳ್ಳಲು ಅವರ ಹತ್ತಿರ ಇಂಗ್ಲಿಷ್ ಊರುಗೋಲು ಇಲ್ಲ. ಕನ್ನಡದಲ್ಲಿ ನಾವು ಎಷ್ಟು ಸಲ ‘ಅದೂ... ಏನಂದ್ರೆ...’, ‘ಅದೇನೋ ಅಂತಾರಲ್ಲ’, ‘ಹಾಂ? ಏನಂದ್ರಿ?’ ಎನ್ನುತ್ತೇವೆ ನೋಡಿ. ಅದರಿಂದ ಎರಡು ಸೆಕೆಂಡು ಸಿಗುತ್ತದೆ. ಮಕ್ಕಳಿಗೆ ಇಂಗ್ಲಿಷಿನಲ್ಲಿ ಅದನ್ನು ಯಾರೂ ಕಲಿಸಿರುವುದಿಲ್ಲ. ‘ಲೆಟ್ ಮಿ ಥಿಂಕ್’, ‘ಸಾರಿ, ಒನ್ಸ್ ಮೋರ್ ಪ್ಲೀಸ್’, ‘ಐ ಡೋಂಟ್ ನೋ ದಿ ವರ್ಡ್’, ‘ಯು ಮೀನ್ ದಿ ಬಸ್?’ ಇಂಥ ಐದಾರು ಸಾಲನ್ನು ಗೋಡೆಗೆ ಅಂಟಿಸಿ. ಇವನ್ನು ಮಾತ್ರ ಧಾರಾಳವಾಗಿ ಬಾಯಿಪಾಠ ಮಾಡಿಸಿ. ನಿಮ್ಮ ಹುಡುಗಿಗೆ ಅವತ್ತು ‘ಸಾರಿ ಸರ್, ಒನ್ಸ್ ಮೋರ್ ಪ್ಲೀಸ್’ ಎಂಬ ಒಂದು ಸಾಲು ಇದ್ದಿದ್ದರೆ, ಅಧಿಕಾರಿ ನಿಧಾನವಾಗಿ ಇನ್ನೊಮ್ಮೆ ಕೇಳುತ್ತಿದ್ದರು. ಅಷ್ಟರಲ್ಲಿ ‘ಇಡ್ಲಿ’ ಎಂಬ ಪದವಾದರೂ ನೆನಪಾಗುತ್ತಿತ್ತು.

ಗ್ರಾಮರ್ ಮಾಡಿಸಿದರೆ ಸಾಕಾ ಎಂದಿರಿ. ಗ್ರಾಮರ್ ಬರೆಸಿದರಷ್ಟೇ ಬಾರದ ಒಂದು ವಿಷಯವಿದೆ, ಅದು ಮರ್ಯಾದೆ. ಕನ್ನಡದಲ್ಲಿ ‘ಕೊಡು’ ಮತ್ತು ‘ಕೊಡಿ’ ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಅದರಲ್ಲೇ ಮರ್ಯಾದೆಯೆಲ್ಲ ಬಂದುಬಿಡುತ್ತದೆ. ಮಗು ಮನಸ್ಸಿನಲ್ಲಿ ‘ನೀರು ಕೊಡಿ’ ಎಂದುಕೊಂಡು ಇಂಗ್ಲಿಷಿನಲ್ಲಿ ‘ಗಿವ್ ವಾಟರ್’ ಎನ್ನುತ್ತದೆ. ‘ಡಿ’ ಅಲ್ಲೇ ಕಳೆದುಹೋಯಿತು! ಕೇಳಿದವರಿಗೆ ಅದು ‘ನೀರು ಕೊಡು’ ಎಂದು ಕೇಳಿಸುತ್ತದೆ, ಒರಟು ಹುಡುಗ ಎನ್ನಿಸುತ್ತದೆ. ಹುಡುಗ ಒರಟನಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದದ ಬಾಲಕ್ಕೆ ಮರ್ಯಾದೆ ಸೇರಿಸಲು ಬರುವುದಿಲ್ಲ, ಅದು ‘ಕುಡ್ ಯು’, ‘ಮೇ ಐ’, ‘ಪ್ಲೀಸ್’ಗಳಲ್ಲಿ, ದನಿಯ ಏರಿಳಿತದಲ್ಲಿ ಇರುತ್ತದೆ. ಇದನ್ನು ಮಾಡಲ್ ಆಕ್ಸಿಲರಿ ಎಂಬ ಪಾಠವಾಗಿ ಎಷ್ಟು ಬರೆಸಿದರೂ ನಾಲಿಗೆಗೆ ಬರುವುದಿಲ್ಲ. ಒಂದೇ ನೀರಿನ ಬಾಟಲಿಯನ್ನು ಗೆಳೆಯನ ಹತ್ತಿರ, ಬ್ಯಾಂಕ್ ಮ್ಯಾನೇಜರ್ ಹತ್ತಿರ, ರೈಲಿನಲ್ಲಿ ಪರಿಚಯವಿಲ್ಲದವರ ಹತ್ತಿರ ಕೇಳಿಸಿ ನೋಡಿ. ಒಂದೇ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಹೊಳೆಯುತ್ತದೆ. ರೋಲ್ ಪ್ಲೇಗೆ ನಿಜವಾಗಿ ಬೇರೆ ಬದಲಿ ಇಲ್ಲದ ಜಾಗ ಅಂದರೆ ಇದೇ, ಪಾತ್ರ ಬದಲಾದಾಗ ಮಾತು ಬದಲಾಗುವುದು.

ನಾಲ್ಕೈದು ಮಕ್ಕಳೇ ಮುಂದೆ ಬರುವುದಕ್ಕೆ ಲೆಕ್ಕವೇ ಕಾರಣ. 42 ಮಕ್ಕಳು ಅಂದರೆ 21 ಜೋಡಿ. ಒಂದೊಂದು ಜೋಡಿಗೆ ಮೂರು ನಿಮಿಷ ಎಂದರೆ 63 ನಿಮಿಷ. ಪೀರಿಯಡ್ಡೇ 40 ನಿಮಿಷ. ಹಾಗಾಗಿ ಚುರುಕಿನವರನ್ನೇ ಕರೆಯುತ್ತೀರಿ, ಉಳಿದವರು ಪ್ರೇಕ್ಷಕರು. ವೇದಿಕೆಯನ್ನೇ ತೆಗೆದುಬಿಡಿ. ಎಲ್ಲ ಜೋಡಿಗಳೂ ಕೂತಲ್ಲೇ ಒಟ್ಟಿಗೆ ಮಾತಾಡಲಿ, ಮೂರು ನಿಮಿಷ, ಮತ್ತೆ ಮೂರು ನಿಮಿಷ. ನೋಡುವವರೇ ಇಲ್ಲದಿದ್ದರೆ ನಗುವವರೂ ಇಲ್ಲ. ಹುಡುಗ ಹುಡುಗಿ ಜೋಡಿಗೆ ಒತ್ತಾಯ ಬೇಡ, ಪಕ್ಕದಲ್ಲಿ ಕೂತವರೇ ಜೋಡಿ. ಗಲಾಟೆ ಆಗುತ್ತದೆ, ಆಗದೆ ಇರುವುದಿಲ್ಲ. ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ, ಸಾಧ್ಯವಾದರೆ ಒಂದು ದಿನ ಅವರನ್ನೇ ಕರೆದು ಪ್ರವಾಸಿ ಮಾಡಿ. ಒಂದು ಶಾಲೆಯಲ್ಲಿ ಹೀಗೆ ಮಾಡಿದಾಗ ಮಕ್ಕಳಿಗಿಂತ ಅವರೇ ಜಾಸ್ತಿ ಖುಷಿಪಟ್ಟರು.

ಈಗ ನಿಮ್ಮ ಮುಂದಿರುವ ದಾರಿಗಳು. ಬರೆದುಕೊಟ್ಟ ಸಂಭಾಷಣೆಯನ್ನು ಪೂರ್ತಿ ಬಿಡಬೇಕಿಲ್ಲ. ಬಾಯಿ ತೆರೆಯಲೇ ಹೆದರುವ ಮಗುವಿಗೆ ಅದು ಆಸರೆ, ಉಚ್ಚಾರಣೆಗೂ ಒಳ್ಳೆಯದು. ಅದರಲ್ಲೇ ನಿಂತರೆ ನಿಮ್ಮ ಹುಡುಗಿಗೆ ಆದದ್ದೇ ಆಗುತ್ತದೆ. ಅದನ್ನೇ ಮೆಟ್ಟಿಲು ಮಾಡಿಕೊಳ್ಳಬಹುದು. ಇವತ್ತು ಪೂರ್ತಿ ಸಂಭಾಷಣೆ, ನಾಳೆ ಒಬ್ಬರ ಸಾಲುಗಳನ್ನು ಅಳಿಸಿಬಿಡಿ, ನಾಡಿದ್ದು ಚೀಟಿ ಮಾತ್ರ. ಚೀಟಿಯ ದಾರಿ ನಿಮ್ಮ ತರಗತಿಗೆ ಹೊಂದುತ್ತದೆ, ಆದರೆ ತಯಾರಿಗೆ ಸಮಯ ಬೇಕು. ವಾರಕ್ಕೆ ಒಂದಕ್ಕಿಂತ ಜಾಸ್ತಿ ಮಾಡಲು ಹೋಗಬೇಡಿ, ಸುಸ್ತಾಗಿ ಬಿಟ್ಟುಬಿಡುತ್ತೀರಿ. ಚೀಟಿಯೂ ಇಲ್ಲದೆ ‘ಏನಾದರೂ ಮಾತಾಡಿ’ ಎನ್ನುವ ಸ್ವತಂತ್ರ ರೋಲ್ ಪ್ಲೇ ನೋಡಲು ಆಧುನಿಕ, ಎಂಟನೇ ತರಗತಿಗೆ ನಾನು ಬೇಡ ಎನ್ನುತ್ತೇನೆ. ಚುರುಕಿನವರು ಎಲ್ಲವನ್ನೂ ನುಂಗಿಬಿಡುತ್ತಾರೆ.

ರೋಲ್ ಪ್ಲೇಯೇ ಬೇಡ ಎನ್ನುವ ಮಕ್ಕಳೂ ಇರುತ್ತಾರೆ. ಮಾತು ತೊದಲುವ ಮಗು, ಹೊಸದಾಗಿ ಸೇರಿದ ಮಗು. ಅವರಿಗೆ ಪಾತ್ರ ಬೇಡ. ಅದೇ ಚೀಟಿಯ ಪ್ರಶ್ನೆಗಳನ್ನು ತಮ್ಮ ಹೆಸರಿನಲ್ಲೇ ಪಕ್ಕದವರ ಹತ್ತಿರ ಕೇಳಿ ಉತ್ತರ ಬರೆದುಕೊಳ್ಳಲಿ. ಅದೂ ಮಾತೇ.

ಪಾತ್ರ ಹಂಚುವಾಗ ಒಂದು ಎಚ್ಚರ. ನಾನು ಒಮ್ಮೆ ಮನೆ ಯಜಮಾನಿ ಮತ್ತು ಕೆಲಸದವಳು ಎಂಬ ಚೀಟಿ ಕೊಟ್ಟೆ. ಕೆಲಸದವಳ ಚೀಟಿ ಸಿಕ್ಕಿದ ಹುಡುಗಿಯ ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದರು. ತರಗತಿಗೆಲ್ಲ ಅದು ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ. ಅವಳು ಚೀಟಿ ಮಡಚಿ ಮೇಜಿನ ಮೇಲಿಟ್ಟು ಕೂತಳು. ಅವತ್ತಿನಿಂದ ಹಣ, ಜಾತಿ, ಕುಡಿತ, ಬೈಗುಳ ಇರುವ ಸನ್ನಿವೇಶ ಬರೆಯುವುದನ್ನೇ ಬಿಟ್ಟೆ. ಡಾಕ್ಟರ್ ಯಾವಾಗಲೂ ಮುಂದಿನ ಬೆಂಚು, ರೋಗಿ ಯಾವಾಗಲೂ ಹಿಂದಿನ ಬೆಂಚು ಆಗದ ಹಾಗೆಯೂ ನೋಡಿಕೊಳ್ಳಿ. ಮಕ್ಕಳು ಇದನ್ನೆಲ್ಲ ನಮಗಿಂತ ಬೇಗ ಲೆಕ್ಕ ಹಾಕುತ್ತಾರೆ.

ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನದ, ಚಟುವಟಿಕೆಗೆ ಅಂಕ ಕೊಡುವಾಗ ಉಚ್ಚಾರಣೆಯನ್ನು ಕೊನೆಗಿಡಿ. ‘ಬಸ್ಸು’ ಎಂದರೂ ಪರವಾಗಿಲ್ಲ. ಅಜ್ಜಿಯ ವಿಷಯ ತಿಳಿಯಿತಾ, ಬಸ್ ಸಮಯ ಸಿಕ್ಕಿತಾ, ಸಿಗದಿದ್ದಾಗ ಮತ್ತೆ ಕೇಳಿದನಾ, ಇಷ್ಟು ನೋಡಿ. ಮತ್ತೆ ಕೇಳಿದ ಮಗುವಿಗೆ ಅಂಕ ಕಡಿಮೆ ಮಾಡಬೇಡಿ, ಜಾಸ್ತಿ ಕೊಡಿ.

ಕೊನೆಗೆ ನಿಮ್ಮ ಡಾಕ್ಟರ್ ಹುಡುಗಿ. ಅವಳಿಗೆ ಸದ್ಯ ಉತ್ತರ ಹೇಳುವ ಪಾತ್ರ ಕೊಡಬೇಡಿ. ನಮ್ಮ ಶಾಲೆಗಳಲ್ಲಿ ಪ್ರಶ್ನೆ ಕೇಳುವವರು ಯಾವಾಗಲೂ ಟೀಚರ್, ಮಕ್ಕಳದ್ದು ಬರೀ ಉತ್ತರ. ಹತ್ತು ವರ್ಷ ಇಂಗ್ಲಿಷ್ ಕಲಿತೂ ಒಂದು ಪ್ರಶ್ನೆಯನ್ನು ಸ್ವಂತವಾಗಿ ಕೇಳದ ಮಕ್ಕಳಿದ್ದಾರೆ. ಅವಳನ್ನು ದೆಹಲಿಯ ಪ್ರವಾಸಿ ಮಾಡಿ. ಅಜ್ಜಿಯನ್ನು ಕಟ್ಟಿಕೊಂಡು ಅವಳು ಬಸ್ ಹುಡುಕಲಿ. ಎದುರಿಗೆ ನೀವೇ ನಿಂತು ಮೊದಲ ಸಲ ಬೇಕಂತಲೇ ತಪ್ಪು ಸಮಯ ಹೇಳಿ, ರೈಲು ತಪ್ಪುವಷ್ಟು ತಡದ್ದು. ಅವಳು ‘ನೋ ನೋ, ಟ್ರೈನ್ ಸಿಕ್ಸ್ ಓ ಕ್ಲಾಕ್!’ ಎಂದು ನಿಮ್ಮನ್ನೇ ತಡೆದಳೋ ಇಲ್ಲವೋ, ನನಗೆ ಬರೆಯಿರಿ.